ಮೇಷ್ಟ್ರು ಮತ್ತೆ ಬೆಂಚಿನ ಮೇಲೆ ಕೂತಾಗ

ಏಪ್ರಿಲ್ ಎರಡನೇ ವಾರ ಫಲಿತಾಂಶ ಪ್ರಕಟಿಸಿ, ಮಕ್ಕಳ ಕೈಗೆ ಪ್ರಗತಿಪತ್ರ ಕೊಟ್ಟು ಕಳಿಸಿದರೆ ಕರ್ನಾಟಕದ ಸರ್ಕಾರಿ ಶಾಲೆಗಳ ಬಾಗಿಲು ಮತ್ತೆ ತೆರೆಯುವುದು ಮೇ ಕೊನೆಗೆ. ಊರ ಕಟ್ಟೆಯ ಮೇಲೆ ‘ಮೇಷ್ಟ್ರಿಗೇನ್ ಬಿಡಪ್ಪ, ಕೂತು ಉಣ್ಣೋ ಕಾಲ’ ಎಂಬ ಮಾತು ಏಳುವುದೂ ಆಗಲೇ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರದ ಸೆಕೆ ಕಟ್ಟೆಯವರಿಗೆ ಗೊತ್ತಿಲ್ಲ. ಚುನಾವಣೆ ಬಂದರೆ ಮತಗಟ್ಟೆ ಕೆಲಸ, ಮತದಾರರ ಪಟ್ಟಿ ಪರಿಷ್ಕರಣೆ ಬಂದರೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ. 2025ರ ದಸರೆಯಲ್ಲಂತೂ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮೊಬೈಲ್ ಹಿಡಿದು ಮನೆಮನೆ ಅಲೆದವರು ಇದೇ ಮೇಷ್ಟ್ರುಗಳು, ಟೀಚರುಗಳು.

ಸೇವಾ ನಿಯಮದ ಪ್ರಕಾರ ಶಿಕ್ಷಣ ಇಲಾಖೆಯದು ‘ವೆಕೇಶನ್’ ಇಲಾಖೆ. ಬೇರೆ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಸಿಕ್ಕರೆ ಶಿಕ್ಷಕರಿಗೆ ಸಿಗುವುದು 10 ದಿನ. ಉಳಿದದ್ದಕ್ಕೆ ಬೇಸಿಗೆ, ದಸರಾ ರಜೆಗಳಿವೆಯಲ್ಲ ಎಂಬುದು ಅದರ ಹಿಂದಿನ ಲೆಕ್ಕ. ಇಂಥ ರಜೆಯ ನಡುವೆ ‘ತರಬೇತಿಗೆ ತಪ್ಪದೇ ಹಾಜರಾಗತಕ್ಕದ್ದು’ ಎಂಬ ಜ್ಞಾಪನ ಬಂದರೆ ಯಾರ ಮುಖ ತಾನೇ ಅರಳೀತು? ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಸಭಾಂಗಣದಲ್ಲಿ ಹಾಜರಾತಿಗೆ ಸಹಿ, ಪ್ರೊಜೆಕ್ಟರ್ ಹೊತ್ತಿಕೊಳ್ಳುವವರೆಗೆ ಕಾಯುವಿಕೆ, ಒಂದು ಆಶಯಗೀತೆ, ಆಮೇಲೆ ಸ್ಲೈಡುಗಳ ಮೆರವಣಿಗೆ, ಮಧ್ಯಾಹ್ನ ಚಿತ್ರಾನ್ನ, ಸಂಜೆ ಟಿಎ-ಡಿಎ ಫಾರಂ. ಕಲಿಸುವ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆದವರಿಗೆ ಮೂರು ವರ್ಷದ ಅನುಭವದ ಸಂಪನ್ಮೂಲ ವ್ಯಕ್ತಿ ‘ಮಗು ಕೇಂದ್ರಿತ ಕಲಿಕೆ’ ಎಂದು ಫಲಕದ ಮೇಲೆ ಬರೆದು ಅಡಿಗೆರೆ ಎಳೆಯುತ್ತಾರೆ. ಇದನ್ನು ಉಂಡು ಬಂದವರೇ ತರಬೇತಿ ಎಂದರೆ ಮೂಗು ಮುರಿಯುವುದು.

ಆದರೂ ಕೆಲವು ಬೇಸಿಗೆಗಳಿಂದ ಮೇಷ್ಟ್ರುಗಳು ಬೇರೆಯೇ ಹುರುಪು ಹೊತ್ತು ಶಾಲೆಗೆ ಮರಳಿದ್ದಾರೆ. ಹೇಗೆ ಕಲಿಸಬೇಕು ಎಂದು ಅಲ್ಲಿ ಅವರಿಗೆ ಯಾರೂ ಹೇಳಿಕೊಡಲಿಲ್ಲ. ಅವರನ್ನು ಮತ್ತೆ ಕಲಿಯುವವರನ್ನಾಗಿ ಕೂರಿಸಿದರು, ಅಷ್ಟೇ.

ಇದಕ್ಕೆ ನಮ್ಮ ದೇಶದ ಅತ್ಯುತ್ತಮ ಉದಾಹರಣೆ ಮಧ್ಯಪ್ರದೇಶದಲ್ಲಿದೆ. ನರ್ಮದೆಯ ದಡದ ಹೋಶಂಗಾಬಾದ್, ಈಗಿನ ಹೆಸರಿನಲ್ಲಿ ನರ್ಮದಾಪುರಂ. 1972ರಲ್ಲಿ ಆ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಪಾಠವನ್ನು ಬುಡಸಮೇತ ಬದಲಿಸಲು ರಾಜ್ಯ ಸರ್ಕಾರ ಎರಡು ಸ್ವಯಂಸೇವಾ ಸಂಸ್ಥೆಗಳಿಗೆ ಅನುಮತಿ ಕೊಟ್ಟಿತು. ಒಂದು, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಹಳ್ಳಿಗೆ ಬಂದಿದ್ದ ಅಣು ಜೀವವಿಜ್ಞಾನಿ ಅನಿಲ್ ಸದ್‌ಗೋಪಾಲ್ ಕಟ್ಟಿದ ಕಿಶೋರ ಭಾರತಿ. ಇನ್ನೊಂದು, ರಸೂಲಿಯಾದಲ್ಲಿ ಕ್ವೇಕರ್ ಪಂಥದವರು ನಡೆಸುತ್ತಿದ್ದ ಫ್ರೆಂಡ್ಸ್ ರೂರಲ್ ಸೆಂಟರ್. ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು, ಟಾಟಾ ಸಂಸ್ಥೆಯ ವಿಜ್ಞಾನಿಗಳು ರಜೆ ಹಾಕಿ ಬಂದು ಸೇರಿಕೊಂಡರು. ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಎಂದು ಮುಂದೆ ಹೆಸರಾದ ಈ ಪ್ರಯೋಗದ ಬೆನ್ನುಮೂಳೆ ಬೇಸಿಗೆ ಶಿಬಿರ. ಆರು, ಏಳು, ಎಂಟನೇ ತರಗತಿಗೆ ಒಂದೊಂದರಂತೆ ಮೂರು ಬೇಸಿಗೆ. ಪ್ರತಿ ಬೇಸಿಗೆಯಲ್ಲೂ ಮೂರು ವಾರ. ಅಲ್ಲಿಯ ಮೇ ತಿಂಗಳ ಬಿಸಿಲು 42 ಡಿಗ್ರಿಯ ಆಸುಪಾಸಿನದು.

ಬಂದವರಲ್ಲಿ ಹೈಸ್ಕೂಲಿನಾಚೆ ವಿಜ್ಞಾನ ಓದದವರೂ ಇದ್ದರು. ಶಾಲೆಯಲ್ಲಿ ಯಾರೂ ಇಲ್ಲವೆಂದು ವಿಜ್ಞಾನ ಅವರ ಕೊರಳಿಗೆ ಬಿದ್ದಿತ್ತು. ಶಿಬಿರದಲ್ಲಿ ನಾಲ್ಕು ನಾಲ್ಕು ಜನರ ಟೋಳಿ ಮಾಡಿ, ಮುಂದೆ ಒಂದು ಕಿಟ್ ಇಟ್ಟು, ಮಕ್ಕಳು ಬಳಸುವ ಪುಸ್ತಕವನ್ನೇ ಕೈಗೆ ಕೊಟ್ಟರು. ‘ಬಾಲ ವೈಜ್ಞಾನಿಕ’ ಎಂಬ ಆ ಪುಸ್ತಕ ವಿಚಿತ್ರದ್ದು. ಅದರಲ್ಲಿ ಮಾಡಬೇಕಾದ ಪ್ರಯೋಗಗಳಿವೆ, ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ, ಉತ್ತರಗಳಿಲ್ಲ. ಹೂ ಬಿಡಿಸಿ ನೋಡಿದವರೇ ಅದರೊಳಗೇನಿದೆ ಎಂದು ಬರೆಯಬೇಕು. ಗೈಡು ನೋಡಿ ಬರೆಯೋಣವೆಂದರೆ ಗೈಡೂ ಇಲ್ಲ.

ಅಳತೆಯ ಪಾಠವನ್ನೇ ನೋಡಿ. ಒಂದು ಮೇಜಿನ ಉದ್ದ ಅಳೆಯುವುದರಲ್ಲಿ ಕಲಿಯುವಂಥದ್ದೇನಿದೆ ಎಂದು ಯಾವ ಮೇಷ್ಟ್ರಿಗಾದರೂ ಅನ್ನಿಸುತ್ತದೆ. ಅದೇ ಮೇಜನ್ನು ಹತ್ತು ಜನ ಬೇರೆಬೇರೆಯಾಗಿ ಅಳೆದು ಫಲಕದ ಮೇಲೆ ಬರೆದರೆ ಹತ್ತರಲ್ಲಿ ಏಳೆಂಟು ಅಂಕಿ ಬೇರೆಬೇರೆ ಬರುತ್ತವೆ. ಸ್ಕೇಲಿನ ಸವೆದ ತುದಿಯಿಂದ ಅಳೆದವರೊಬ್ಬರು, ಓರೆಗಣ್ಣಿನಿಂದ ಗೆರೆ ಓದಿದವರೊಬ್ಬರು, ಸ್ಕೇಲನ್ನು ಎತ್ತಿ ಮುಂದಿಡುವಾಗ ಕೂದಲೆಳೆಯಷ್ಟು ಜಾರಿಸಿದವರು ಇನ್ನೊಬ್ಬರು. ಯಾರದು ಸರಿ? ತರಬೇತಿಗೆ ಬಂದವರು ಸಹಜವಾಗಿ ದೆಹಲಿಯ ಪ್ರೊಫೆಸರರ ಕಡೆ ತಿರುಗುತ್ತಾರೆ. ಪ್ರೊಫೆಸರ್ ತಾವೂ ಒಮ್ಮೆ ಅಳೆಯುತ್ತಾರೆ. ಪಟ್ಟಿಗೆ ಹನ್ನೊಂದನೆಯ ಅಂಕಿ ಸೇರುತ್ತದೆ! ಅಳತೆಯಲ್ಲಿ ಏರುಪೇರು ಇದ್ದೇ ಇರುತ್ತದೆ, ಅದನ್ನು ಗುರುತಿಸಿ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ವಿಜ್ಞಾನದ ಕೆಲಸ ಎಂಬುದು ಭಾಷಣವಿಲ್ಲದೆ ಮನಸ್ಸಿಗೆ ಇಳಿಯುತ್ತದೆ. ಮಗು ಪುಸ್ತಕದಲ್ಲಿರುವ ಅಂಕಿಯನ್ನೇ ಬರೆದರೆ ‘ರೈಟ್’ ಹಾಕುತ್ತಿದ್ದ ಕೈ ಮುಂದೆ ಸ್ವಲ್ಪ ತಡೆಯುತ್ತದೆ.

‘ನನಗೆ ಗೊತ್ತಿಲ್ಲ, ಮಾಡಿ ನೋಡೋಣ’ ಎಂದು ದೊಡ್ಡ ವಿಜ್ಞಾನಿಯೊಬ್ಬ ಹಳ್ಳಿ ಶಾಲೆಯ ಮೇಷ್ಟ್ರ ಎದುರು ಹೇಳುವುದು ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ತರಗತಿಗೆ ಕಾಲಿಟ್ಟ ಗಳಿಗೆಯಿಂದ ನಿವೃತ್ತಿಯವರೆಗೆ ಮೇಷ್ಟ್ರು ಎಂದರೆ ಎಲ್ಲ ಬಲ್ಲವರು ಎಂದು ನಟಿಸಬೇಕಾದ ಪಾಡು. ಆ ನಟನೆಯೇ ಅರ್ಧ ಆಯಾಸ. ಅದನ್ನು ಕೆಳಗಿಳಿಸಲು ಯಾರಾದರೂ ಅಪ್ಪಣೆ ಕೊಟ್ಟರೆ ಬರುವ ನಿರಾಳ ಎಷ್ಟು ದೊಡ್ಡದೆಂದು ಪಾಠ ಮಾಡಿದವರಿಗಷ್ಟೇ ಗೊತ್ತು.

1978ರಲ್ಲಿ ಈ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು. ಅದೇ ವರ್ಷ ಪುಣೆಯ ಟೆಲ್ಕೊ ಕಾರ್ಖಾನೆಯಿಂದ ರಜೆ ಹಾಕಿ ಬಂದ ಒಬ್ಬ ಯುವ ಎಂಜಿನಿಯರ್ ಅಲ್ಲಿಯ ವಾರದ ಸಂತೆಯಲ್ಲಿ ಅಡ್ಡಾಡಿದರು. ಕಾನ್ಪುರ ಐಐಟಿಯಲ್ಲಿ ಓದಿದ್ದ ಅರವಿಂದ ಗುಪ್ತ ಅವರು. ಸೈಕಲ್ ಟ್ಯೂಬಿನ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ನಳಿಗೆ ಮತ್ತು ಬೆಂಕಿಕಡ್ಡಿ ಅವರ ಕಣ್ಣಿಗೆ ಬಿದ್ದವು. ನಳಿಗೆಯ ಗೇಣುದ್ದದ ತುಂಡನ್ನು ಚಿಕ್ಕಚಿಕ್ಕದಾಗಿ ಕತ್ತರಿಸಿ, ಮದ್ದು ಕೆರೆದ ಕಡ್ಡಿಗಳನ್ನು ಎರಡೂ ಕಡೆಯಿಂದ ತೂರಿಸಿದರೆ ಬಾಗುವ ಕೀಲು ಸಿದ್ಧ. ಮೂರು ಕಡ್ಡಿ, ಮೂರು ಕೀಲು ಸೇರಿಸಿ ತ್ರಿಕೋನ ಮಾಡಿ ಒತ್ತಿದರೆ ಅದು ಜಗ್ಗುವುದಿಲ್ಲ. ನಾಲ್ಕು ಕಡ್ಡಿಯ ಚೌಕ ಮುಟ್ಟಿದೊಡನೆ ಓರೆಯಾಗಿ ಕುಸಿಯುತ್ತದೆ. ಎದುರುಬದುರು ಮೂಲೆಗಳ ಕೀಲಿಗೆ ಮುಳ್ಳಿನಿಂದ ತೂತು ಮಾಡಿ ಮತ್ತೊಂದು ಕಡ್ಡಿ ಸಿಕ್ಕಿಸಿದರೆ ಅದೂ ಎರಡು ತ್ರಿಕೋನವಾಗಿ ಸೆಟೆದು ನಿಲ್ಲುತ್ತದೆ. ಸೇತುವೆಯ ಉಕ್ಕಿನ ಚೌಕಟ್ಟು, ಮನೆಯ ಮಾಡಿನ ತೊಲೆ, ಮೊಬೈಲ್ ಟವರ್ ಎಲ್ಲದರಲ್ಲೂ ತ್ರಿಕೋನವೇ ಯಾಕೆ ಎಂಬ ಪ್ರಶ್ನೆಗೆ ಉತ್ತರ ಬೆರಳ ತುದಿಗೆ ಬಂದುಬಿಡುತ್ತದೆ.

ಇದನ್ನು ಮೊದಲ ಬಾರಿ ಕೈಯಾರೆ ಮಾಡುವ ಶಿಕ್ಷಕರ ಕೋಣೆಯಲ್ಲಿ ಚಹಾ ಬಂದರೂ ಯಾರೂ ಏಳುವುದಿಲ್ಲ. ಎಷ್ಟೋ ವರ್ಷ ತ್ರಿಕೋನದ ವಿಸ್ತೀರ್ಣದ ಸೂತ್ರ ಕಂಠಪಾಠ ಮಾಡಿಸಿದವರಿಗೆ ತ್ರಿಕೋನ ಮೊದಲ ಸಲ ಭೇಟಿಯಾದ ಹಾಗೆ. ಗುಪ್ತರ ಬೆಂಕಿಕಡ್ಡಿ ಪುಸ್ತಕ ಮುಂದೆ ಹತ್ತಾರು ಭಾಷೆಗಳಿಗೆ ಹೋಯಿತು. ಅವರ ಆಟಿಕೆಗಳ ವಿಡಿಯೊಗಳು ಕನ್ನಡದಲ್ಲೂ ಸಿಗುತ್ತವೆ. 2018ರಲ್ಲಿ ಪದ್ಮಶ್ರೀ ಬಂತು.

ಶಿಬಿರ ಮುಗಿದ ಮೇಲೆ ಏನಾಗುತ್ತಿತ್ತು ಎಂಬುದೇ ಹೋಶಂಗಾಬಾದಿನ ನಿಜವಾದ ಗುಟ್ಟು. ತಿಂಗಳಿಗೊಮ್ಮೆ ಹತ್ತಿರದ ಕೇಂದ್ರ ಶಾಲೆಯಲ್ಲಿ ಶಿಕ್ಷಕರು ಸೇರುತ್ತಿದ್ದರು. ಯಾವ ಪ್ರಯೋಗ ಕೈಕೊಟ್ಟಿತು, ಯಾವ ಪಾಠದಲ್ಲಿ ಮಕ್ಕಳು ಅಡ್ಡಪ್ರಶ್ನೆ ಕೇಳಿದರು ಎಂಬ ಚರ್ಚೆ ಅಲ್ಲಿ. ಶಾಲೆಗೆ ಬಂದು ಜೊತೆಗೆ ನಿಲ್ಲುವವರಿದ್ದರು, ಆದರೆ ಅವರು ತಪಾಸಣೆಯ ರಿಜಿಸ್ಟರು ತರುತ್ತಿರಲಿಲ್ಲ. ಪರೀಕ್ಷೆಯನ್ನೂ ಬದಲಿಸಿದರು: ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ, ಜೊತೆಗೆ ಪ್ರಯೋಗ. ‘ಸವಾಲಿರಾಮ್’ ಎಂಬ ಕಲ್ಪಿತ ವ್ಯಕ್ತಿಗೆ ಮಕ್ಕಳು ಪತ್ರ ಬರೆದು ಏನು ಬೇಕಾದರೂ ಕೇಳಬಹುದಿತ್ತು. 1982ರಲ್ಲಿ ಹುಟ್ಟಿದ ‘ಏಕಲವ್ಯ’ ಸಂಸ್ಥೆ ಈ ಕೆಲಸವನ್ನು ವಹಿಸಿಕೊಂಡಿತು. ಹಳೆಯ ಶಿಬಿರಾರ್ಥಿಗಳೇ ಹೊಸಬರಿಗೆ ಸಂಪನ್ಮೂಲ ವ್ಯಕ್ತಿಗಳಾದರು. 2002ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿದಾಗ ಅದು ಸಾವಿರದಷ್ಟು ಶಾಲೆಗಳಲ್ಲಿತ್ತು. ಮೂವತ್ತು ವರ್ಷದ ಮರವನ್ನು ಕಡಿಯಲು ಒಂದು ಆದೇಶ ಸಾಕಾಯಿತು ಎಂಬುದು ಬೇರೆ ಕಥೆ, ಬೇಸರದ ಕಥೆ.

ಬೇಸಿಗೆಯಲ್ಲಿ ಮೇಷ್ಟ್ರನ್ನು ಕಲಿಯಲು ಕರೆಯುವ ಪದ್ಧತಿ ಅದಕ್ಕಿಂತ ಹಳೆಯದು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಬೆಚ್ಚಿದ ಅಮೆರಿಕ ಶಾಲಾ ಶಿಕ್ಷಕರ ಬೇಸಿಗೆ ಶಿಬಿರಗಳಿಗೆ ಹಣ ಸುರಿಯಿತು. 1963ರಿಂದ ನಮ್ಮಲ್ಲೂ ಯುಜಿಸಿ ಮತ್ತು ಎನ್‌ಸಿಇಆರ್‌ಟಿ ಅಮೆರಿಕದ ನೆರವಿನೊಂದಿಗೆ ವಿಜ್ಞಾನ ಶಿಕ್ಷಕರಿಗೆ ಬೇಸಿಗೆ ಸಂಸ್ಥೆಗಳನ್ನು ನಡೆಸಿದವು. ಅದೇ 1963ರಲ್ಲಿ ಹುಟ್ಟಿದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಮೂವತ್ತು ದಿನದ ಕೋರ್ಸಿಗೆ ಜ್ಞಾನಭಾರತಿಯಲ್ಲಿ ಉಳಿದು ಬಂದ ಕನ್ನಡ ಮಾಧ್ಯಮದ ಶಿಕ್ಷಕರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ.

ಭಾಷೆ ಕಲಿಸುವವರಿಗೆ ಹೋಶಂಗಾಬಾದಿನಂಥದ್ದೇ ಒಂದು ಮಾದರಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1974ರ ಬೇಸಿಗೆಯಲ್ಲಿ ಶುರುವಾಯಿತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ಬಂದಿದ್ದ ಜೇಮ್ಸ್ ಗ್ರೇ ಅದನ್ನು ಕಟ್ಟಿದರು. ಪ್ರಬಂಧ ಬರೆಸುವ ಮೇಷ್ಟ್ರು ತಾನೇ ಬರೆಯುವುದಿಲ್ಲವಲ್ಲ ಎಂಬುದು ಅವರ ತಕರಾರು. ಶಿಬಿರಕ್ಕೆ ಬಂದವರು ಬರೆಯಬೇಕು, ಬರೆದದ್ದನ್ನು ಚಿಕ್ಕ ಗುಂಪಿನಲ್ಲಿ ಓದಬೇಕು, ಬೇರೆಯವರು ಹೇಳಿದ್ದನ್ನು ಕೇಳಿ ತಿದ್ದಬೇಕು. ಜೊತೆಗೆ ತಮ್ಮ ತರಗತಿಯಲ್ಲಿ ಫಲಿಸಿದ ಒಂದು ಪಾಠವನ್ನು ಉಳಿದವರಿಗೆ ಮಾಡಿ ತೋರಿಸಬೇಕು. ಇಂದು ಅದು ರಾಷ್ಟ್ರೀಯ ಬರವಣಿಗೆ ಯೋಜನೆಯಾಗಿ ನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಲ್ಲಿದೆ. ‘ನಮ್ಮೂರ ಜಾತ್ರೆ’ ಎಂದು ಕರಿಹಲಗೆಯ ಮೇಲೆ ಬರೆದು ‘ಹದಿನೈದು ಸಾಲು ಬರೀರಿ’ ಎನ್ನುವ ನಮ್ಮ ಕನ್ನಡ ಪಂಡಿತರು ಒಮ್ಮೆ ತಾವೇ ಆ ಹದಿನೈದು ಸಾಲು ಬರೆದು ಪಕ್ಕದವರಿಗೆ ಓದಿ ತೋರಿಸಿದರೆ ಹೇಗಿರುತ್ತದೆ! ಐದನೇ ಸಾಲಿಗೆ ಬೆಂಡು-ಬತ್ತಾಸು ಮುಗಿದು ಪೆನ್ನು ನಿಲ್ಲುತ್ತದೆ.

ಕರ್ನಾಟಕಕ್ಕೂ ಇಂಥ ಒಂದು ಗಳಿಗೆ ಬಂದಿತ್ತು, ಬಂದದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಗೆ. 1995ರಲ್ಲಿ ಯುನಿಸೆಫ್ ನೆರವಿನಿಂದ ಅಲ್ಲಿಯ ಸರ್ಕಾರಿ ಶಾಲಾ ಶಿಕ್ಷಕರ ಒಂದು ತಂಡ ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ ಬಂತು. ಸುತ್ತಲಿನ ಹಳ್ಳಿಗಳ ಪುಟ್ಟ ಶಾಲೆಗಳಲ್ಲಿ ಬೇರೆಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ತಂತಮ್ಮ ವೇಗದಲ್ಲಿ ಕಾರ್ಡು ಹಿಡಿದು ಕಲಿಯುವುದನ್ನು ಅವರು ನೋಡಿದರು. ಕೋಟೆಯ ಕಾಡಂಚಿನ ಶಾಲೆಗಳಲ್ಲೂ ಒಬ್ಬರೇ ಮೇಷ್ಟ್ರು, ಹಲವು ತರಗತಿ. ರಿಷಿ ವ್ಯಾಲಿಯಲ್ಲಿ ಕಂಡದ್ದನ್ನು ಹಾಗೇ ನಕಲು ಮಾಡದೆ, ಮರಳಿ ಬಂದು ತಾವೇ ಕೂತು ಕನ್ನಡಕ್ಕೆ ಕಾರ್ಡು ಬರೆದರು. ಹಾಡು ಕಟ್ಟಿದರು, ಚಿತ್ರ ಬಿಡಿಸಿದರು, ಮಕ್ಕಳ ಮುಂದಿಟ್ಟು ನೋಡಿ ಕೈಬಿಟ್ಟರು, ಮತ್ತೆ ಬರೆದರು. ಐಎಎಸ್ ಅಧಿಕಾರಿ ಅನಿತಾ ಕೌಲ್ ಅವರಂಥವರು ಬೆನ್ನಿಗೆ ನಿಂತರು. ಅದೇ ನಲಿ-ಕಲಿ.

ಆ ಕೆಲಸದಲ್ಲಿ ಎಷ್ಟು ಯೋಚನೆ ಇತ್ತು ಎಂಬುದಕ್ಕೆ ನಲಿ-ಕಲಿಯ ಅಕ್ಷರಗಳ ಸರದಿ ನೋಡಿದರೆ ಸಾಕು. ಅ, ಆ, ಇ, ಈ ಎಂದು ಹೊರಟರೆ ಮಗುವಿಗೆ ‘ಋ’ ದಾಟಿ, ‘ಙ’ ದಾಟಿ, ತಿಂಗಳುಗಟ್ಟಲೆ ಕಳೆದರೂ ಒಂದು ಪದ ಓದುವ ಸುಖ ಸಿಗದು. ನಲಿ-ಕಲಿ ಶುರುವಾಗುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಆ ಐದನ್ನು ಬಲ್ಲ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ. ರ ಮತ್ತು ಗ ಬರೆಯುವಾಗ ಕೈ ಸುತ್ತುವ ರೀತಿಯೂ ಹತ್ತಿರದ್ದು. ಮುಂದಿನ ಗುಂಪು ಜ, ವ, ಮ, ಬ, ನ. ಶತಮಾನಗಳ ವರ್ಣಮಾಲೆಯ ಸಾಲನ್ನು ಅಲುಗಿಸುವ ಧೈರ್ಯ ಬೆಂಗಳೂರಿನ ಯಾವ ಸಮಿತಿಗೆ ಬರುತ್ತಿತ್ತೋ ಗೊತ್ತಿಲ್ಲ; ಒಂದನೇ ತರಗತಿಯ ಮಕ್ಕಳ ಕಣ್ಣು ತೂಕಡಿಸುವುದನ್ನು ವರ್ಷಗಟ್ಟಲೆ ಕಂಡವರಿಗೆ ಬಂತು.

2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು. ಕಾರ್ಡುಗಳು ಅಚ್ಚಾಗಿ ಕಟ್ಟುಕಟ್ಟು ಬಂದವು. ಶಿಕ್ಷಕರಿಗೆ ಕೆಲವೇ ದಿನಗಳ ತರಬೇತಿ. ಕಲಿಕೆಯ ಹಂತಗಳ ಮೈಲಿಗಲ್ಲು, ಏಣಿ, ಗುಂಪಿನ ತಟ್ಟೆ, ಪ್ರಗತಿ ನೋಟ, ಹೊರಗಿನ ಸಲಕರಣೆಯೆಲ್ಲ ಕೋಟೆಯವೇ. ಕಾರ್ಡು ಬರೆದ ಕೋಟೆಯ ಮೇಷ್ಟ್ರಿಗೆ ಅದು ತಮ್ಮ ಕೂಸು. ಕಟ್ಟು ಬಿಚ್ಚಿ ಗೋಡೆಗೆ ಅಂಟಿಸಿದವರಿಗೆ ಇಲಾಖೆಯ ಮತ್ತೊಂದು ಯೋಜನೆ. ಅದರಲ್ಲೂ ಮನಸ್ಸಿಟ್ಟು ಮಾಡಿದ ಟೀಚರುಗಳು ಬೇಕಾದಷ್ಟು ಜನ ಇದ್ದಾರೆ, ಅವರ ತರಗತಿಯ ಚಪ್ಪರದ ತುಂಬ ಮಕ್ಕಳ ಚಿತ್ರಗಳು ತೂಗುತ್ತವೆ. ಆದರೆ ಪದ್ಧತಿಯೊಂದು ಹುಟ್ಟಿದಾಗ ಮಾಡಿದವರಿಗೆ ಸಿಕ್ಕ ಹುರುಪನ್ನು ಪದ್ಧತಿಯ ಜೊತೆ ಪ್ಯಾಕ್ ಮಾಡಿ ಕಳಿಸಲು ಬರುವುದಿಲ್ಲ.

ಇಲಾಖೆಯ ಕಷ್ಟವೂ ಸುಳ್ಳಲ್ಲ. ಲಕ್ಷಗಟ್ಟಲೆ ಶಿಕ್ಷಕರನ್ನು ಮೂರು ವಾರ ಎಲ್ಲಿ ಕೂರಿಸುವುದು? ಅದಕ್ಕೇ ರಾಜ್ಯ ಮಟ್ಟದಲ್ಲಿ ಕೆಲವರಿಗೆ ತರಬೇತಿ, ಅವರಿಂದ ಜಿಲ್ಲೆಯವರಿಗೆ, ಅಲ್ಲಿಂದ ತಾಲ್ಲೂಕಿಗೆ. ಮೇಲಿನ ಮೆಟ್ಟಿಲಲ್ಲಿ ಐದು ದಿನ ಗಟ್ಟಿ ಮೊಸರಾಗಿದ್ದದ್ದು ಕೆಳಗಿಳಿಯುವಾಗ ಎರಡು ದಿನದ ನೀರು ಮಜ್ಜಿಗೆ. ಮೊದಲು ಕತ್ತರಿ ಬೀಳುವುದು ಪ್ರಯೋಗಕ್ಕೆ, ಆಮೇಲೆ ಚರ್ಚೆಗೆ. ಕೊನೆಗೆ ಉಳಿಯುವುದು ಸ್ಲೈಡು. ಅಮೆರಿಕದ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಎಚ್ಚರಿಸಿದ್ದು ಇದನ್ನೇ: ಬರೀ ಕೇಳಿ ಬಂದದ್ದು ತರಗತಿಯವರೆಗೆ ತಲುಪುವುದು ತೀರಾ ಕಡಿಮೆ, ಕೈಯಲ್ಲಿ ಮಾಡಿ, ಮರಳಿದ ಮೇಲೂ ಜೊತೆಗೆ ಒಬ್ಬರು ನಿಂತರೆ ತಲುಪುತ್ತದೆ.

2019ರಲ್ಲಿ ಕೇಂದ್ರ ಸರ್ಕಾರ ‘ನಿಷ್ಠಾ’ ಎಂಬ ಹೆಸರಿನಲ್ಲಿ 42 ಲಕ್ಷ ಶಿಕ್ಷಕರನ್ನು ಮುಟ್ಟುವ ಗುರಿ ಹಾಕಿಕೊಂಡಿತು. ಮರುವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆ ಇರಬೇಕೆಂದಿತು. ಕೋವಿಡ್ ಬಂದು ಎಲ್ಲವೂ ‘ದೀಕ್ಷಾ’ ಆ್ಯಪಿಗೆ ಹತ್ತಿತು. ವಿಡಿಯೊ ಓಡಿಸಿ, ಕೊನೆಯ ಪ್ರಶ್ನೆಗಳಿಗೆ ಗುರುತು ಹಾಕಿದರೆ ಪ್ರಮಾಣಪತ್ರ. ಮೊಬೈಲನ್ನು ಕಿಟಕಿಯ ಮೇಲಿಟ್ಟು ವಿಡಿಯೊ ತನ್ನ ಪಾಡಿಗೆ ಓಡುವಾಗ ಪಲ್ಯಕ್ಕೆ ಹುರುಳಿಕಾಯಿ ಹೆಚ್ಚಿದವರನ್ನು ದೂರುವುದು ಸುಲಭ. ಐವತ್ತು ಗಂಟೆಯನ್ನು ಗಡಿಯಾರದಲ್ಲಿ ಅಳೆದರೆ ಆಗುವುದು ಅದೇ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಕುದಾಪುರಕ್ಕೆ ಹೋದವರ ಅನುಭವ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ಸಿನಲ್ಲಿ ಶಿಕ್ಷಕರಿಗಾಗಿಯೇ ಒಂದು ಕೇಂದ್ರವಿದೆ. ಹೈಸ್ಕೂಲು, ಪಿಯು ಕಾಲೇಜುಗಳ ವಿಜ್ಞಾನ ಮತ್ತು ಗಣಿತ ಶಿಕ್ಷಕರು ಅಲ್ಲೇ ಉಳಿದು, ಪ್ರಯೋಗಾಲಯದಲ್ಲಿ ತಾವೇ ಪ್ರಯೋಗ ಮಾಡುತ್ತಾರೆ. ಬ್ಯೂರೆಟ್ಟನ್ನು ಬಿಎಸ್ಸಿ ಮುಗಿಸಿದ ಮೇಲೆ ಮತ್ತೆ ಹಿಡಿಯದವರು ಎಷ್ಟೋ ಜನ. ಬಣ್ಣ ಬದಲಾಗುವ ಆ ಒಂದು ಹನಿಗೆ ಕಣ್ಣು ನೆಟ್ಟು ನಿಂತಾಗ ಅವರ ವಯಸ್ಸು ಇಪ್ಪತ್ತಕ್ಕೆ ಇಳಿಯುತ್ತದೆ. ಕರಿಹಲಗೆಯ ಮೇಲೆ ಚಿತ್ರ ಬರೆದೇ ಟೈಟ್ರೇಷನ್ ದಾಟಿಸುತ್ತಿದ್ದವರು ಊರಿಗೆ ಮರಳಿ ಶಾಲೆಯ ಬೀರುವಿನ ಬೀಗದ ಕೈ ಹುಡುಕುತ್ತಾರೆ.

ಇಲ್ಲೊಂದು ತೊಡಕಿದೆ, ತರಬೇತಿ ಯೋಜಿಸುವವರು ಅದರ ಬಗ್ಗೆ ಮಾತಾಡುವುದು ಕಡಿಮೆ. ಪ್ರಾಥಮಿಕ ಶಾಲೆಗಳಲ್ಲಿ ಈಗ ಶಿಕ್ಷಕಿಯರೇ ಹೆಚ್ಚು. ಬೇಸಿಗೆ ಎಂದರೆ ಅವರ ಸ್ವಂತ ಮಕ್ಕಳಿಗೂ ರಜೆ, ಮನೆಗೆ ನೆಂಟರು, ಮದುವೆ-ಮುಂಜಿ. ವಾರಗಟ್ಟಲೆ ಹಾಸ್ಟೆಲಿನಲ್ಲಿ ಉಳಿಯಬೇಕೆಂದರೆ ಮೂರು ವರ್ಷದ ಕೂಸನ್ನು ಅತ್ತೆಯ ಬಳಿ ಬಿಡಬೇಕು, ಇಲ್ಲವೇ ವಿನಾಯಿತಿ ಕೋರಿ ಅರ್ಜಿ ಹಾಕಬೇಕು. ಮಕ್ಕಳನ್ನು ಕರೆತಂದರೆ ನೋಡಿಕೊಳ್ಳಲು ಒಂದು ಕೋಣೆ, ಒಬ್ಬ ಆಯಾ ಇರುವ ಶಿಬಿರ ಅಪರೂಪ. ‘ಆಸಕ್ತಿಯಿಲ್ಲ’ ಎಂದು ಷರಾ ಬರೆಯುವುದಕ್ಕೆ ಮೊದಲು ಆ ಕೋಣೆ ಕೊಟ್ಟು ನೋಡಬಹುದು. ರಜೆಯಲ್ಲಿ ದುಡಿದ ದಿನಗಳಿಗೆ ಗಳಿಕೆ ರಜೆ ಸೇರಿಸಲು ನಿಯಮದಲ್ಲಿ ದಾರಿ ಇದ್ದೇ ಇದೆ. ಅದಕ್ಕಾಗಿ ಕಚೇರಿ ಗುಮಾಸ್ತರ ಮೇಜಿಗೆ ಎಡತಾಕುವಂತೆ ಮಾಡದಿದ್ದರೆ ಅದೇ ಒಂದು ಮರ್ಯಾದೆ.

ಹೋಶಂಗಾಬಾದಿನ ತಿಂಗಳ ಸಭೆಯಂಥದ್ದು ಕರ್ನಾಟಕದಲ್ಲಿ ಇಲ್ಲವೆಂದಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಇರುವುದು ಅದಕ್ಕೇ. ಹತ್ತಾರು ಶಾಲೆಗಳ ಶಿಕ್ಷಕರು ಓಓಡಿ (ಅನ್ಯ ಕಾರ್ಯ ನಿಮಿತ್ತ) ಮೇಲೆ ಒಂದು ಕಡೆ ಸೇರುತ್ತಾರೆ. ಒಬ್ಬರು ಮಾದರಿ ಪಾಠ ಮಾಡಿ, ಉಳಿದವರು ನೋಡಿ, ಕೊಂಕು ತೆಗೆದು, ತಿದ್ದಬೇಕೆಂಬುದು ಅದರ ಮೂಲ ಉದ್ದೇಶ. ಎಷ್ಟೋ ಕಡೆ ಅದು ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ಮಾಹಿತಿ ದಾಖಲಿಸುವ ಎಸ್‌ಎಟಿಎಸ್‌ನಲ್ಲಿ ಬಾಕಿ ಉಳಿದ ಎಂಟ್ರಿ, ವಿದ್ಯಾರ್ಥಿವೇತನದ ಮಾಹಿತಿ, ನಾಳೆಯೇ ಸಲ್ಲಿಸಬೇಕಾದ ನಮೂನೆಗಳಲ್ಲಿ ಮುಗಿಯುತ್ತದೆ. ಜೂನಿನಲ್ಲಿ ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧ ನಡೆಯುವಾಗಿನ ಮೊದಲ ಸಭೆಯಲ್ಲಿ, ಬೇಸಿಗೆಯಲ್ಲಿ ಏನಾದರೂ ಕಲಿತು ಬಂದ ಒಬ್ಬರಿಗೆ ಮೊದಲ ಒಂದು ಗಂಟೆ ಬಿಟ್ಟುಕೊಡಲಿ. ಬೆಂಕಿಕಡ್ಡಿಯ ಚೌಕವೋ, ಬರೆದು ತಿದ್ದಿದ ಹದಿನೈದು ಸಾಲೋ, ಎಲ್ಲರ ಕೈಗೂ ಕೊಟ್ಟು ಮಾಡಿಸಲಿ. ಮಾಹಿತಿ ನಮೂನೆಗಳಿಗೆ ಊಟದ ನಂತರದ ಹೊತ್ತು ಇದ್ದೇ ಇದೆ. ಸುತ್ತೋಲೆಗಳಂತೂ ಹೇಗಿದ್ದರೂ ಹಿಂದಿನ ರಾತ್ರಿಯೇ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬಿದ್ದಿರುತ್ತವೆ.